ಹಳೇ ಯೆಜ್ಡಿಗೆ ಮೊದಲು ವೈರಿಂಗಾ, ಪೇಂಟಾ?

ಪ್ರಶ್ನೆ: ನಮ್ಮದು ತುಮಕೂರಿನ ಕ್ಯಾತ್ಸಂದ್ರ. ದೊಡ್ಡಪ್ಪನವರ 1979ರ ಯೆಜ್ಡಿ 250 ಬೈಕ್ ಈಗ ನನ್ನ ಹೆಸರಿಗೆ ಬಂದಿದೆ. ಹಳೇ ಗಾಡಿ ಇಟ್ಟುಕೊಳ್ಳುತ್ತಿರುವುದು ಇದೇ ಮೊದಲು. ಇಂಜಿನ್ ಸ್ಟಾರ್ಟ್ ಆಗುತ್ತೆ. ಆದರೆ ಹೆಡ್‌ಲೈಟ್ ಮಿಣಮಿಣ ಅನ್ನುತ್ತೆ, ಹಾರ್ನ್ ಕೆಮ್ಮುತ್ತೆ, ಬ್ರೇಕ್ ಲೈಟ್ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಎಲ್ಲ ಕಿತ್ತು 12 ವೋಲ್ಟ್ ಮಾಡಿಸು, ಹಿಂದಿನ ಫ್ರೇಮ್ ಕತ್ತರಿಸಿ ಕೆಫೆ ರೇಸರ್ (ತಗ್ಗಿದ ಹ್ಯಾಂಡಲ್, ಮೋಟು ಸೀಟಿನ ರೇಸ್ ಬೈಕಿನಂಥ ಗಾಡಿ) ಮಾಡಿಬಿಡು ಅಂತಾರೆ ಗೆಳೆಯರು. ಮುಂದಿನ ವಾರ ಪೇಂಟಿಗೆ ಬಿಡಬೇಕು ಅಂತಿದ್ದೀನಿ. ಏನು ಮಾಡಲಿ?

ಉತ್ತರ: ಪೇಂಟಿನವರಿಗೆ ಫೋನ್ ಮಾಡಿ, ಇನ್ನೊಂದು ತಿಂಗಳು ಬಿಟ್ಟು ಬರ್ತೀನಿ ಅನ್ನಿ. ಮಿಕ್ಕಿದ್ದನ್ನೆಲ್ಲ ಆಮೇಲೆ ನೋಡೋಣ. ವೈರಿಂಗ್ ಮೊದಲು, ಅದೂ ಈಗಿರುವ ಹಳೇ ಬಣ್ಣದ ಫ್ರೇಮಿನ ಮೇಲೇ. ಎಲ್ಲ ಸರಿಯಾಗಿ ಉರಿದ ಮೇಲೆ ಬಿಚ್ಚಿ ಪೇಂಟ್ ಮಾಡಿಸಿ. ಸದ್ಯಕ್ಕೆ ಗಾಡಿಯ ಜೊತೆ ಬಂದ 6 ವೋಲ್ಟೇ ಇರಲಿ. ಫ್ರೇಮ್ ಮಾತ್ರ ಯಾವತ್ತೂ ಕತ್ತರಿಸಬೇಡಿ.

ಪೇಂಟ್ ಯಾಕೆ ತಡೆಯಿರಿ ಅಂದೆ ಅಂದರೆ, ನಿಮ್ಮ ಗಾಡಿಯಲ್ಲಿ ಅರ್ಧ ವೈರಿಂಗ್ ಅಂದರೆ ಫ್ರೇಮೇ. ಬ್ಯಾಟರಿಯಿಂದ ಬಲ್ಬಿನವರೆಗೆ ಕರೆಂಟು ವೈರಿನಲ್ಲಿ ಹೋಗುತ್ತೆ, ವಾಪಸ್ ಬರೋದು ಕಬ್ಬಿಣದ ಮೂಲಕ. ಇದೇ ಅರ್ಥಿಂಗ್. ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಕೂರಿಸುವ ದಪ್ಪ ಪೇಂಟು) ಮಾಡಿಸಿದ ಫ್ರೇಮಿಗೆ ಟೈಲ್ ಲ್ಯಾಂಪು, ಚಾರ್ಜಿಂಗ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೂರಿಸಿ ಬೋಲ್ಟ್ ಬಿಗಿದರೆ ನೋಡೋಕೆ ಗಟ್ಟಿಯಾಗಿರುತ್ತೆ, ಕರೆಂಟು ಮಾತ್ರ ದಾಟಲ್ಲ. ಬಿ.ಎಚ್. ರಸ್ತೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಇಂಥ ಗಾಡಿ ಬಂದರೆ ಮೀಟರ್ ಮುಟ್ಟೋದೇ ಇಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಹೊಳೆಯುವ ಪೇಂಟನ್ನು ಬೋಲ್ಟಿನ ಕೆಳಗೆ ಒಂದು ರೂಪಾಯಿ ನಾಣ್ಯದಗಲ ಕೆರೆಯುತ್ತಾರೆ. "ಪೇಂಟ್ ಮೇಲೆ ಅರ್ಥಿಂಗ್ ಕೊಟ್ರೆ ಹೆಂಗ್ ಸಾರ್ ಬರುತ್ತೆ?" ಗಾಡಿಯವರ ಮುಖ ನೋಡೋಕಾಗಲ್ಲ. ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಪೇಂಟು ಅಲ್ವಾ!

ಈಗ ನಿಮ್ಮ ಮಿಣಮಿಣ ಹೆಡ್‌ಲೈಟಿಗೆ ಬರೋಣ. 6 ವೋಲ್ಟಿನಲ್ಲಿ 35 ವಾಟ್ ಬಲ್ಬ್ ಹೆಚ್ಚುಕಡಿಮೆ 5.8 ಆಂಪಿಯರ್ ಎಳೆಯುತ್ತೆ. ಅದೇ ವಾಟಿನ 12 ವೋಲ್ಟ್ ಬಲ್ಬಿಗೆ 2.9 ಸಾಕು. ದಾರಿಯಲ್ಲಿ ಎಲ್ಲೋ ಒಂದು ಕಿಲುಬು ಹಿಡಿದ ಜಾಯಿಂಟ್ ಇದೆ, ಅದರ ತಡೆ ಬರೀ 0.1 ಓಮ್ ಅಂತಿಟ್ಟುಕೊಳ್ಳಿ. 6 ವೋಲ್ಟಿನಲ್ಲಿ ಅಲ್ಲೇ 0.58 ವೋಲ್ಟ್ ಹೋಯಿತು. ಅಂದರೆ ಸುಮಾರು ಹತ್ತು ಪರ್ಸೆಂಟ್. ಹತ್ತು ತಾನೇ ಅನ್ನಬೇಡಿ. ತಂತಿ ಬಲ್ಬಿನಲ್ಲಿ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಮೂವತ್ತರಷ್ಟು ಇಳಿಯುತ್ತೆ. ಇಂಥ ಎರಡು ಜಾಯಿಂಟ್ ಇದ್ದರೆ ಅರ್ಧ ಬೆಳಕು ಮಾಯ. 12 ವೋಲ್ಟ್ ಗಾಡಿಯಲ್ಲಿ ಅದೇ ಕಿಲುಬು ಇದ್ದರೂ ಗೊತ್ತೇ ಆಗಲ್ಲ. 6 ವೋಲ್ಟ್ ಅಂದರೆ ಕತ್ತಲು ಅನ್ನೋ ಕೆಟ್ಟ ಹೆಸರು ಬಂದಿದ್ದು ಬಹುಪಾಲು ಹೀಗೇ. ಹೊಸ ವೈರು, ಒಳ್ಳೇ ಅರ್ಥಿಂಗ್ ಇದ್ದರೆ ದೇವರಾಯನದುರ್ಗದ ತಿರುವುಗಳನ್ನು ಸಂಜೆ ಕಳೆದ ಮೇಲೂ ನಿಧಾನಕ್ಕೆ ಇಳಿದು ಬರಬಹುದು. ಹೈವೇಯಲ್ಲಿ ರಾತ್ರಿ ಲಾರಿಗಳ ಮಧ್ಯೆ ಹೋಗೋಕೆ ಇದು ಸಾಲದು, ಅದೂ ನಿಜ.

ಏನನ್ನೂ ಕೀಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮೀಟರ್ ಸಾಕು. ಟೈಲ್ ಲ್ಯಾಂಪ್ ಹಾಕಿ. ಮೀಟರಿನ ಒಂದು ಕಡ್ಡಿಯನ್ನು ಟೈಲ್ ಲ್ಯಾಂಪಿನ ಕಬ್ಬಿಣದ ಮೈಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ತುದಿಗೆ ಹಿಡಿಯಿರಿ. ಸೊನ್ನೆಯ ಆಸುಪಾಸು ಬರಬೇಕು. 0.2 ವೋಲ್ಟ್ ದಾಟಿದರೆ ವಾಪಸ್ ದಾರಿಯಲ್ಲಿ ಕಳ್ಳ ಇದ್ದಾನೆ. ಹೆಡ್‌ಲೈಟ್ ಹಾಕಿ ಅದರ ಡೂಮಿನ (ಹೊರ ಬುರುಡೆಯ) ಮೈಗೂ ಹೀಗೇ ಮಾಡಿ. ಇಷ್ಟರಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತೆ. ಅಂದ ಹಾಗೆ, ಬ್ಯಾಟರಿ ಬಿಚ್ಚುವಾಗ ಪ್ಲಸ್ ಫ್ರೇಮಿಗಿದೆಯಾ, ಮೈನಸ್ಸಾ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಗಾಡಿಗಳಲ್ಲಿ ಪ್ಲಸ್ ಫ್ರೇಮಿಗೆ ಕೊಟ್ಟವೂ ಇವೆ. ಅಂದಾಜಿನ ಮೇಲೆ ಕನೆಕ್ಷನ್ ಕೊಡಬೇಡಿ.

ಮುಂದಿನ ಪ್ರಶ್ನೆ, ವೈರು ಪೂರ್ತಿ ಬದಲಾಯಿಸಬೇಕಾ? ಟ್ಯಾಂಕ್ ಬಿಚ್ಚಿ. ಹ್ಯಾಂಡಲ್ ತಿರುಗುವ ಕತ್ತಿನ ಪಕ್ಕದಲ್ಲಿ ವೈರಿನ ಕಂತೆ ಹೆಡ್‌ಲೈಟ್ ಡೂಮಿನ ಒಳಗೆ ನುಗ್ಗುತ್ತೆ. ನಲವತ್ತು ವರ್ಷ ಎಡಕ್ಕೆ ಬಲಕ್ಕೆ ಬಗ್ಗಿ ಬಗ್ಗಿ ಸುಸ್ತಾಗಿರುವ ಜಾಗ ಅದು. ಅಲ್ಲೊಂದು ವೈರಿನ ಸಿಪ್ಪೆ ಒಂದು ಇಂಚು ಸುಲಿಯಿರಿ. ತಾಮ್ರ ಕೆಂಪಗೆ ಹೊಳೆದರೆ ಆ ವೈರು ಇನ್ನೂ ಬದುಕಿದೆ. ಕಪ್ಪಗೋ ಹಸಿರಾಗೋ ಕಂಡರೆ ಇನ್ನೊಂದಿಂಚು ಸುಲಿಯಿರಿ. ಅಲ್ಲೂ ಕಪ್ಪೇ ಇದ್ದರೆ ತೇವ ಸಿಪ್ಪೆಯೊಳಗೇ ಏರಿಕೊಂಡು ಹೋಗಿದೆ ಅಂತ ಲೆಕ್ಕ. ತುದಿ ಕತ್ತರಿಸಿ ಮತ್ತೆ ಜೋಡಿಸಿ ಪ್ರಯೋಜನ ಇಲ್ಲ, ಪೂರ್ತಿ ಬದಲಾಯಿಸಿ. 1979ರ ಗಾಡಿಯಲ್ಲಿ ಹೀಗೇ ಆಗಿರುತ್ತೆ ಅಂತ ನನ್ನ ಅಂದಾಜು. ಮಧ್ಯೆ ಮಧ್ಯೆ ಇನ್ಸುಲೇಷನ್ ಟೇಪ್ ಸುತ್ತಿದ ಗಂಟುಗಳೂ ಸಿಗುತ್ತವೆ. ಅದು ದೊಡ್ಡಪ್ಪನವರ ಕಾಲದ ರಸ್ತೆ ಬದಿ ರಿಪೇರಿಗಳ ಇತಿಹಾಸ!

ರೆಡಿಮೇಡ್ ಹಾರ್ನೆಸ್, ಅಂದರೆ ಪೂರ್ತಿ ವೈರಿನ ಕಂತೆ, ಸಿಗುತ್ತೆ. ಯೆಜ್ಡಿ ನಮ್ಮ ಮೈಸೂರಿನ ಗಾಡಿ ತಾನೇ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದರೂ ಗಾಡಿ ಸಾಕುವವರು ಇನ್ನೂ ಇರೋದರಿಂದ ಸಾಮಾನು ಬರುತ್ತಲೇ ಇದೆ. ಬೆಂಗಳೂರಿನ ಜೆ.ಸಿ. ರೋಡ್ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತೆ. ಆದರೆ ಕೊಳ್ಳುವ ಮುಂಚೆ ಅದರ ಲಗ್‌ಗಳನ್ನು (ವೈರಿನ ತುದಿಯ ಲೋಹದ ಕೊಂಡಿಗಳನ್ನು) ಬೆರಳಲ್ಲಿ ಎಳೆದು ನೋಡಿ. ಕೈಗೇ ಬರುವಂಥವೂ ಇರುತ್ತವೆ. ನೀವೇ ಕಟ್ಟುವುದಾದರೆ ಮನೆ ವೈರಿಂಗಿನ ವೈರು ಬೇಡವೇ ಬೇಡ. ಗಾಡಿಗೆಂದೇ ಬರುವ, ಸಣ್ಣ ಎಳೆಗಳು ಜಾಸ್ತಿ ಇರುವ ಆಟೋ ವೈರು ಬೇಕು. ಅಲುಗಾಟಕ್ಕೆ ಅದೇ ತಡೆಯೋದು. ಬ್ಯಾಟರಿಯಿಂದ ಹೊರಡುವ ಮುಖ್ಯ ವೈರಿಗೆ 2.5 ಚದರ ಮಿ.ಮೀ., ಹೆಡ್‌ಲೈಟಿಗೆ 1.5, ಟೈಲ್ ಲ್ಯಾಂಪಿಗೆ 0.75 ಹಾಕಿ. 6 ವೋಲ್ಟಿನಲ್ಲಿ ಸಣ್ಣ ವೈರು ಹಾಕಿ ದುಡ್ಡು ಉಳಿಸೋದು ದಂಡ. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಡ್‌ಲೈಟಿನಿಂದಲೂ ಟೈಲ್ ಲ್ಯಾಂಪಿನಿಂದಲೂ ಒಂದೊಂದು ಅರ್ಥಿಂಗ್ ವೈರು ನೇರವಾಗಿ ಬ್ಯಾಟರಿಗೆ ಎಳೆಯಿರಿ. ಕಂಪನಿಯವರು ಕೊಟ್ಟಿರಲಿಲ್ಲ ಅಂತ ಮೂಲರೂಪದ ಭಕ್ತರು ತಕರಾರು ತೆಗೀಬಹುದು. ಸ್ಲೀವ್ ಒಳಗಿರುವ ವೈರು ಯಾರ ಕಣ್ಣಿಗೂ ಬೀಳಲ್ಲ ಬಿಡಿ. ಇದೊಂದಿದ್ದರೆ ಆಮೇಲೆ ಪೇಂಟ್ ಎಷ್ಟು ದಪ್ಪ ಬಳಿದರೂ ಬೆಳಕಿಗೆ ತೊಂದರೆ ಇಲ್ಲ.

ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ವಿಷಯ ಬೇರೆ. ಚಾವಿ ಒತ್ತಿದಾಗ ಹೆಡ್‌ಲೈಟ್ ಮೇಲಿನ ಕೆಂಪು ದೀಪ ಹತ್ತಬೇಕು, ಆಕ್ಸಿಲರೇಟರ್ ಕೊಟ್ಟಾಗ ಆರಬೇಕು. ಆರದಿದ್ದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಡೈನಮೊ ಒಳಗಿನ ಕಾರ್ಬನ್ ಬ್ರಷ್ ಸವೆದಿದೆಯಾ, ಅದು ಉಜ್ಜುವ ತಾಮ್ರದ ಭಾಗ ಅಂದರೆ ಕಮ್ಯುಟೇಟರ್ ಮಸಿ ಹಿಡಿದಿದೆಯಾ ನೋಡಿ. ಒಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರ್ರೇ ಸುಟ್ಟಿದ್ದರೆ ಬೋರ್‌ವೆಲ್ ಮೋಟಾರು ಸುತ್ತುವ ಅಂಗಡಿಗೆ ಸುಮ್ನೆ ಕೊಟ್ಟು ಬರಬೇಡಿ. ಹಳೇ ಟ್ರ್ಯಾಕ್ಟರ್ ಡೈನಮೊ ಸುತ್ತಿ ಕೈ ಪಳಗಿದವರನ್ನು ಹುಡುಕಿ. ಎರಡೂ ಬೇರೆ ಬೇರೆ ಕೆಲಸ.

12 ವೋಲ್ಟ್ ಮಾಡಿಸಬಾರದು ಅಂತಲ್ಲ. ಬ್ಯಾಟರಿ, ಬಲ್ಬ್, ಹಾರ್ನ್ ಬದಲಾಯಿಸಿದರೆ 12 ವೋಲ್ಟ್ ಆಯ್ತು ಅಂತ ಹೇಳುವವರ ಮಾತು ಕೇಳಬೇಡಿ ಅಷ್ಟೇ. ನಿಮ್ಮ ರೆಗ್ಯುಲೇಟರ್ 7 ವೋಲ್ಟ್ ಆಸುಪಾಸಿನಲ್ಲೇ ಡೈನಮೊ ಕೈ ಕಟ್ಟುತ್ತೆ. 12 ವೋಲ್ಟ್ ಬ್ಯಾಟರಿ ಒಂದು ಹನಿಯೂ ತುಂಬಲ್ಲ. ಪ್ಲಗ್ಗಿಗೆ ಕಿಡಿ ಕೊಡುವ 6 ವೋಲ್ಟಿನ ಇಗ್ನಿಷನ್ ಕಾಯಿಲ್ ಹಾಗೇ ಬಿಟ್ಟಿದ್ದರೆ ಅದೂ ಸುಡುತ್ತೆ. ಮಾಡಿಸುವುದಾದರೆ ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿ, ಪಾಯಿಂಟ್ (ಕಾಯಿಲ್ ಕರೆಂಟನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್) ಇಲ್ಲದ ಇಗ್ನಿಷನ್ ಬರುವ ಪೂರ್ತಿ ಕಿಟ್ ಹಾಕಬೇಕು. ಜಾವಾದ ತವರಾದ ಚೆಕ್ ದೇಶದ ವೇಪ್ ಕಂಪನಿ ಇಂಥದ್ದು ಮಾಡುತ್ತೆ. ಒಂದು ವರ್ಷ 6 ವೋಲ್ಟಿನಲ್ಲೇ ಓಡಿಸಿ, ಸಾಲದು ಅನ್ನಿಸಿದರೆ ಆಗ ಯೋಚಿಸಿ. ತೆಗೆದ ಡೈನಮೊ ಮಾತ್ರ ಗುಜರಿಗೆ ಹಾಕಬೇಡಿ.

ಇನ್ನು ಗೆಳೆಯರ ಕೆಫೆ ರೇಸರ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಫ್ರೇಮ್ ಕತ್ತರಿಸುವುದು ನೇರವಾಗಿ ಇದರಡಿ ಬರುತ್ತೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ಆಗ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಇನ್ನೊಂದು ಲೆಕ್ಕವೂ ಇದೆ. 2021ರ ನಿಯಮದಲ್ಲಿ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿಯಲ್ಲಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮ ಗಾಡಿಗೆ ಆ ವಯಸ್ಸಾಗೋದು 2029ಕ್ಕೆ. ವಿಂಟೇಜ್ ಆದರೆ ದಿನಾ ಓಡಿಸುವಂತಿಲ್ಲ, ಹಾಗಾಗಿ ಅದು ಬೇಕೋ ಬೇಡವೋ ನಿಮ್ಮಿಷ್ಟ. ಇವತ್ತು ಕತ್ತರಿಸಿದರೆ ಆ ಬಾಗಿಲು ಮುಚ್ಚಿತು.

ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದಾದ್ದನ್ನು ಧಾರಾಳವಾಗಿ ಮಾಡಿ. ಸೀಟನ್ನು ಬೇರೆ ತಗಡಿನ ಮೇಲೆ ಕಟ್ಟಿಸಿ, ಮೂಲ ಸೀಟು ಅಟ್ಟಕ್ಕೆ ಹಾಕಿ. ಹ್ಯಾಂಡಲ್ ತಗ್ಗಿಸುವುದಾದರೆ ವೈರಿಂಗ್ ಮಾಡುವಾಗಲೇ ಕೂರಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ವೈರು ಎಳೆಯುತ್ತಾ ಅಂತ ನೋಡಿ, ಒಂದು ಗೇಣು ಸಡಿಲ ಬಿಡಿ. ಟ್ಯಾಂಕಿನ ಕ್ರೋಮ್ ಚೆನ್ನಾಗಿದ್ದರೆ ದಯವಿಟ್ಟು ಅದರ ಮೇಲೆ ಬಣ್ಣ ಹೊಡೆಸಬೇಡಿ. ಬಣ್ಣವನ್ನೇ ಬದಲಾಯಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಪೇಂಟಿಗೆ ಬಿಡುವ ದಿನ ಚಾಸಿ ನಂಬರಿನ ಮೇಲೆ, ಅರ್ಥಿಂಗ್ ಬೋಲ್ಟ್ ಕೂರುವ ಜಾಗಗಳ ಮೇಲೆ ನೀವೇ ನಿಂತು ಟೇಪ್ ಅಂಟಿಸಿ. ಪೌಡರ್ ಕೋಟಿಂಗ್ ಚಾಸಿ ನಂಬರನ್ನು ತುಂಬಿಬಿಟ್ಟರೆ ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿದರೂ ಮೂಡಲ್ಲ.

ಹೊಸ ವೈರಿಂಗಿಗೆ ಮೊದಲ ಸಲ ಬ್ಯಾಟರಿ ಕೊಡುವಾಗ ಫ್ಯೂಸ್ ಹಾಕಬೇಡಿ. ಅದರ ಜಾಗದಲ್ಲಿ 6 ವೋಲ್ಟಿನ ಬ್ರೇಕ್ ಲೈಟ್ ಬಲ್ಬೊಂದನ್ನು ಎರಡು ವೈರು ಕಟ್ಟಿ ಸೇರಿಸಿ. ಚಾವಿ ತೆಗೆದಿದ್ದು, ಎಲ್ಲ ಸ್ವಿಚ್ ಆಫ್ ಇದ್ದೂ ಬಲ್ಬ್ ಹತ್ತಿದರೆ ಎಲ್ಲೋ ಶಾರ್ಟ್ ಇದೆ. ಆದರೆ ವೈರು ಸುಡಲ್ಲ, ಬಲ್ಬೇ ಕರೆಂಟನ್ನು ತಡೆದು ನಿಲ್ಲಿಸಿರುತ್ತೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ, ಯಾವುದು ಬಿಚ್ಚಿದಾಗ ಆರಿತೋ ಅಲ್ಲಿ ಹುಡುಕಿ. ಚಾವಿ ಒತ್ತಿದಾಗ ಹತ್ತಿದರೆ ಗಾಬರಿಯಾಗಬೇಡಿ, ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ ಕರೆಂಟು ಎಳೆಯುವುದು ಸಹಜ. ಹಾಗಂತ ಚಾವಿ ಅಲ್ಲೇ ಬಿಟ್ಟು ಟೀ ಕುಡಿಯೋಕೆ ಹೋಗಬೇಡಿ, ಕಾಯಿಲ್ ಬಿಸಿಯಾಗುತ್ತೆ. ಎಲ್ಲ ಸರಿ ಅನ್ನಿಸಿದ ಮೇಲೆ ಬಲ್ಬ್ ತೆಗೆದು ಫ್ಯೂಸ್ ಹಾಕಿ, ಕಿಕ್ ಹೊಡೆಯಿರಿ.