ಇವಿಎಂ ಹ್ಯಾಕ್ ಆಗುತ್ತಾ ಅಂತ ಕೇಳುವವರಿಗೆ

ಚುನಾವಣೆ ಫಲಿತಾಂಶ ಬಂದ ವಾರ, ಪ್ರಿಂಟರ್ ಕೆಟ್ಟಿದೆ ಅಂತ ಕರೆಸಿದವರೂ ನನ್ನನ್ನು ಸುಮ್ನೆ ಕಳಿಸುವುದಿಲ್ಲ. "ಸರ್, ನೀವು ಸಿಸ್ಟಂ ಅಡ್ಮಿನ್ ಅಲ್ವಾ, ಇವಿಎಂ ಹ್ಯಾಕ್ ಮಾಡಬಹುದಾ ಹೇಳಿ" ಅನ್ನುತ್ತಾರೆ. ಸೋತ ಪಕ್ಷದ ಕಡೆಯವರು ಖಂಡಿತ ಆಗುತ್ತೆ ಅನ್ನುತ್ತಾರೆ, ಗೆದ್ದವರು ಸಾಧ್ಯವೇ ಇಲ್ಲ ಅನ್ನುತ್ತಾರೆ. ಮುಂದಿನ ಚುನಾವಣೆ ಹೊತ್ತಿಗೆ ಮಾತು ಅದಲುಬದಲಾಗಿರುತ್ತದೆ.

ನನಗೆ ಎರಡೂ ವಾದ ಹಿಡಿಸುವುದಿಲ್ಲ. ಇಂಟರ್ನೆಟ್ ಇಲ್ಲ, ವೈಫೈ ಇಲ್ಲ, ಹಾಗಾಗಿ ಭಯ ಇಲ್ಲ ಅನ್ನುವುದು ಅರ್ಧ ಉತ್ತರ. ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳಿಗೂ ಹೊರಗಿನ ಸಂಪರ್ಕ ಇರಲಿಲ್ಲ, ಆದರೂ ಸ್ಟಕ್ಸ್‌ನೆಟ್ ಅನ್ನುವ ಕಂಪ್ಯೂಟರ್ ವೈರಸ್ ಒಳಗೆ ಹೊಕ್ಕಿತ್ತು. ಅದು ಬೆಳಕಿಗೆ ಬಂದ 2010ರಲ್ಲೇ ಸಂಶೋಧಕರು ನಮ್ಮ ಹಳೆಯ ಇವಿಎಂ ಒಂದನ್ನು ಬಿಚ್ಚಿ, ಡಿಸ್‌ಪ್ಲೇ ಭಾಗ ಬದಲಿಸಿ, ಸುಳ್ಳು ಎಣಿಕೆ ಬರುವ ಹಾಗೆ ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಯಂತ್ರ ಅವರ ಕೈಯಲ್ಲೇ ಇರಬೇಕಿತ್ತು. ಲಕ್ಷಗಟ್ಟಲೆ ಬೂತ್‌ಗಳಲ್ಲಿ ಯಾರ ಕಣ್ಣಿಗೂ ಬೀಳದೆ ಹಾಗೆ ಮಾಡುವುದು ಬೇರೆಯೇ ಮಾತು.

ನಮ್ಮ ಕೆಲಸದಲ್ಲಿ ನಾವು ಕೇಳಿಕೊಳ್ಳುವ ಪ್ರಶ್ನೆ ಇನ್ನೊಂದು: ತಪ್ಪು ಆದರೆ ಯಾರಿಗಾದರೂ ಗೊತ್ತಾಗುತ್ತದಾ? ಸಂಬಳದ ಸಾಫ್ಟ್‌ವೇರ್ ಎಷ್ಟೇ ಒಳ್ಳೆಯದಿದ್ದರೂ ಅಕೌಂಟ್ಸ್‌ನವರು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡಿಯೇ ನೋಡುತ್ತಾರೆ.

ಚುನಾವಣೆಯಲ್ಲೂ ಅಂಥ ತಾಳೆ ಇದೆ. ಮತದಾನಕ್ಕೆ ಮುಂಚೆ ಅಭ್ಯರ್ಥಿಗಳ ಪರವಾಗಿ ಕೂರುವ ಬೂತ್ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ಅಳಿಸಬೇಕು. ಸಂಜೆ ಯಂತ್ರ ಮುಚ್ಚಿದ ಮೇಲೆ ಒಟ್ಟು ಎಷ್ಟು ಮತ ಬಿದ್ದಿದೆ ಅಂತ ಬರೆದ ನಮೂನೆ 17ಸಿ ಪ್ರತಿಯನ್ನು ಏಜೆಂಟರಿಗೆ ಕೊಡಬೇಕು. ಎಣಿಕೆ ದಿನ ಆ ಅಂಕಿ, ಇವಿಎಂನಲ್ಲಿ ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್ಟಿನ ಅಂಕಿಗೆ ತಾಳೆಯಾಗಬೇಕು. ಚಿಪ್‌ಗಿಂತ ಈ ಹಾಳೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಯಾರಿಗೆ ಮತ ಬಿತ್ತು ಅಂತ ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರ ಬಂದ ಮೇಲೆ ಆ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸುತ್ತದೆ, ಒಳ್ಳೆಯದೇ. ಆದರೆ ಅದಕ್ಕೆ ಅಭ್ಯರ್ಥಿಗಳ ಹೆಸರು, ಚಿಹ್ನೆ ತುಂಬಬೇಕಲ್ಲ, ಆ ಚಿಹ್ನೆ ತುಂಬುವ ಯೂನಿಟ್ಟಿಗೆ ಮಾಹಿತಿ ಹೋಗುವುದು ಕಂಪ್ಯೂಟರಿನಿಂದಲೇ. ಈ ವಿಷಯ ವಾಟ್ಸಾಪ್ ಜಗಳದಲ್ಲಿ ಬರುವುದೇ ಕಮ್ಮಿ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಯೂನಿಟ್‌ಗಳನ್ನು ಸೀಲ್ ಮಾಡಿ ಫಲಿತಾಂಶದ ನಂತರ 45 ದಿನ ಇಡಬೇಕು ಅಂತ ಹೇಳಿತು. ಎಲ್ಲ ಚೀಟಿ ಎಣಿಸಿ ಅನ್ನುವ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ.

ಸದ್ಯ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಬೂತ್‌ನ ಚೀಟಿ ಎಣಿಸುತ್ತಾರೆ. ಗೆಲುವಿನ ಅಂತರ 200 ಇರಲಿ, 50,000 ಇರಲಿ, ಅದೇ 5. ಇದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2017ರಿಂದ ಅಂತರ ನೋಡಿಕೊಂಡು ತಪಾಸಣೆ ಮಾಡುತ್ತಾರೆ. ಅಂತರ ಕಮ್ಮಿ ಇದ್ದರೆ ಜಾಸ್ತಿ ಮತಪತ್ರ ತೆಗೆದು ನೋಡುತ್ತಾರೆ, ಜಾಸ್ತಿ ಇದ್ದರೆ ಸ್ವಲ್ಪ ಸಾಕು. ನಮ್ಮಲ್ಲೂ ಇದನ್ನು ಮಾಡಬಹುದು, ಚೀಟಿ ಹೇಗೂ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.

ಅಲ್ಲಿಯವರೆಗೆ, ನಿಮ್ಮ ಪಕ್ಷದ ಮೇಲೆ ಅಷ್ಟು ಕಾಳಜಿ ಇದ್ದರೆ ಬೂತ್ ಏಜೆಂಟ್ ಆಗಿ ಕೂತುಕೊಳ್ಳಿ. ಅಣಕು ಮತದಾನಕ್ಕೆ ಬೆಳಿಗ್ಗೆ ಐದೂವರೆಗೆಲ್ಲ ಅಲ್ಲಿರಬೇಕಾಗುತ್ತದೆ, ಸಂಜೆ 17ಸಿ ಪ್ರತಿ ಕೈಗೆ ಬರುವವರೆಗೆ ಏಳಬೇಡಿ.