ಕಿವಿಗೆ ಕಿಂಗ್ ಕ್ರಿಮ್ಸನ್, ಕಣ್ಣಿಗೆ ಎಂಪರರ್ ಕ್ರಿಮ್ಸನ್

'ಜೋಜೋಸ್ ಬಿಜಾರ್ ಅಡ್ವೆಂಚರ್' ಎಂಬ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಐದನೇ ಭಾಗವನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದವರಿಗೆ ಇದು ಗೊತ್ತಿರುತ್ತದೆ. ಖಳನಾಯಕ ತನ್ನ ಶಕ್ತಿಯ ಹೆಸರು ಹಿಡಿದು ಕೂಗುತ್ತಾನೆ. ಕಿವಿಗೆ ಬೀಳುವುದು 'ಕಿಂಗು ಕುರಿಮುಜೊನ್'. ಕೆಳಗೆ ಕಾಣುವುದು 'ಎಂಪರರ್ ಕ್ರಿಮ್ಸನ್'. ಜಪಾನಿ ಭಾಷೆ ಒಂದಕ್ಷರ ಬಾರದವರಿಗೂ ಏನೋ ತಾಳೆಯಾಗುತ್ತಿಲ್ಲ ಅಂತ ತಿಳಿಯುತ್ತದೆ. ಕಿಂಗ್ ಕ್ರಿಮ್ಸನ್ ಅಂದರೆ 1969ರಲ್ಲಿ ಮೊದಲ ಆಲ್ಬಂ ತಂದ ಇಂಗ್ಲೆಂಡಿನ ರಾಕ್ ಬ್ಯಾಂಡ್. ಅದರ ಹೆಸರು ಜಪಾನಿನ ಕಾಮಿಕ್ಸಿಗೆ ಹೇಗೆ ಬಂತು? ಬಂದದ್ದನ್ನು ಮತ್ತೆ ಅಳಿಸಿದ್ದು ಏಕೆ?

ಕಥೆ ಶುರುವಾಗುವುದು ಮಾಂಗಾದಿಂದ, ಅಂದರೆ ಜಪಾನಿ ಕಾಮಿಕ್ಸಿನಿಂದ, ಅಲ್ಲ; ವೇದಿಕೆಯಿಂದ. 1966ರ ಜೂನ್ ಕೊನೆಯಲ್ಲಿ ಬೀಟಲ್ಸ್ ಟೋಕಿಯೋಗೆ ಬಂದರು. ಬುಡೋಕಾನ್ ಸಭಾಂಗಣದಲ್ಲಿ ಮೂರು ದಿನಗಳಲ್ಲಿ ಐದು ಪ್ರದರ್ಶನ ಕೊಟ್ಟರು. ಅದು ಜೂಡೋದಂಥ ಸಮರಕಲೆಗಳಿಗಾಗಿ ಕಟ್ಟಿದ ಜಾಗ. ಅಲ್ಲಿ ಗಿಟಾರ್ ಬಾರಿಸುವುದೇ ಅಪಚಾರ ಎಂದು ಪ್ರತಿಭಟನೆಗಳೂ ನಡೆದವು. ಆದರೆ ಬಾಗಿಲು ತೆರೆದಾಗಿತ್ತು. 1971ರಲ್ಲಿ ಲೆಡ್ ಜೆಪ್ಲಿನ್ ಹಿರೋಷಿಮಾದಲ್ಲಿ ಅಣುಬಾಂಬಿನ ಸಂತ್ರಸ್ತರ ನೆರವಿಗೆಂದು ಹಾಡಿತು. 1972ರಲ್ಲಿ ಡೀಪ್ ಪರ್ಪಲ್ ತನ್ನ ಹೆಸರಾಂತ ಲೈವ್ ಆಲ್ಬಮ್ಮನ್ನು ಒಸಾಕಾ ಮತ್ತು ಟೋಕಿಯೋದಲ್ಲೇ ರೆಕಾರ್ಡ್ ಮಾಡಿತು. 1975ರಲ್ಲಿ ಕ್ವೀನ್ ಬಂದಾಗ ವಿಮಾನ ನಿಲ್ದಾಣದಲ್ಲೇ ಹುಡುಗಿಯರ ದಂಡು ಕಾದಿತ್ತು.

ಈ ಹುಡುಗಿಯರ ವಿಷಯ ಮುಖ್ಯ. ರಾಕ್ ಮತ್ತು ಮಾಂಗಾ ಅಂದಕೂಡಲೇ ಎಲ್ಲರೂ ಹುಡುಗರ ಪತ್ರಿಕೆಗಳ ಕಡೆ ನೋಡುತ್ತಾರೆ. ಆದರೆ ದಾರಿ ಮಾಡಿದವರಲ್ಲಿ ಹುಡುಗಿಯರ ಮಾಂಗಾ ಬರೆದ ಹೆಂಗಸರಿದ್ದರು. ಯಾಸುಕೋ ಆಓಯ್ಕೆ 1976ರಲ್ಲಿ 'ಫ್ರಮ್ ಎರೋಯಿಕಾ ವಿತ್ ಲವ್' ಶುರುಮಾಡಿದರು. ಅದರ ನಾಯಕ ಕಲಾಕೃತಿಗಳನ್ನು ಕದಿಯುವ ಇಂಗ್ಲಿಷ್ ಶ್ರೀಮಂತ. ಗುಂಗುರು ಹೊಂಬಣ್ಣದ ಉದ್ದ ಕೂದಲು, ತೆರೆದ ಎದೆ. ನೋಡಿದರೆ ಸಾಕು, ಲೆಡ್ ಜೆಪ್ಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಅಂತ ಗೊತ್ತಾಗುತ್ತದೆ. ಅವನ ಜೊತೆಗಾರನೊಬ್ಬನ ಹೆಸರು ಬೋನಮ್. ಅದೇ ಬ್ಯಾಂಡಿನ ಡ್ರಮ್ಮರ್ ಹೆಸರು! ಆ ಕಾಲಕ್ಕೆ ಇದು ಓದುಗರಿಗೂ ಲೇಖಕಿಗೂ ನಡುವಿನ ಗುಟ್ಟು. ಒಂದೇ ಪೋಸ್ಟರ್ ಗೋಡೆಗೆ ಅಂಟಿಸಿಕೊಂಡವರು ಹಂಚಿಕೊಳ್ಳುವ ಖುಷಿ.

ಆ ಖುಷಿಯನ್ನು ಕಥೆ ಕಟ್ಟುವ ವಿಧಾನವನ್ನಾಗಿಯೇ ಮಾಡಿದವರು ಜೋಜೋ ಮಾಂಗಾ ಬರೆದ ಹಿರೋಹಿಕೋ ಅರಾಕಿ. 1960ರಲ್ಲಿ ಸೆಂಡೈ ನಗರದಲ್ಲಿ ಹುಟ್ಟಿದವರು. ಅಂದರೆ ಕ್ವೀನ್‌ನ 'ಕಿಲ್ಲರ್ ಕ್ವೀನ್' ಹಾಡು ಬಂದಾಗ ಅವರಿಗೆ 14 ವರ್ಷ. ಜೋಜೋ ಕಥೆ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ 1987ರ ಮೊದಲ ಸಂಚಿಕೆಯಿಂದ ಬರತೊಡಗಿತು. ಮೊದಲಿಗೆ ಪಾತ್ರಗಳಿಗಷ್ಟೇ ಬ್ಯಾಂಡುಗಳ ಹೆಸರು: ಸ್ಪೀಡ್‌ವ್ಯಾಗನ್, ಜೆಪೆಲಿ, ಡಿಯೋ. ಎರಡನೇ ಭಾಗದಲ್ಲಿ 'ಎಸಿಡಿಸಿ' ಎಂಬ ರಾಕ್ಷಸನೇ ಬಂದ. ಆಮೇಲೆ 'ಸ್ಟ್ಯಾಂಡ್' ಬಂತು. ಮನುಷ್ಯನ ಒಳಗಿನ ಶಕ್ತಿ ಒಂದು ಆಕಾರ ತಾಳಿ ಅವನ ಪಕ್ಕದಲ್ಲಿ ನಿಲ್ಲುವುದು. ಶುರುವಿನಲ್ಲಿ ಇವಕ್ಕೆ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ (ಕಾರ್ಡುಗಳ) ಹೆಸರಿತ್ತು. ಎಲೆಗಳು ಮುಗಿದವು. ನಾಲ್ಕನೇ ಭಾಗದ ಹೊತ್ತಿಗೆ ಹಾಡು, ಆಲ್ಬಂಗಳ ಹೆಸರುಗಳೇ ಆ ಜಾಗ ತುಂಬಿದವು.

ಸುಮ್ನೆ ಹೆಸರು ಅಂಟಿಸಿದ್ದಲ್ಲ ಅನ್ನುವುದಕ್ಕೆ ಆ ಭಾಗದ ಖಳನಾಯಕ ಕಿರಾನನ್ನೇ ನೋಡಿ. ಸಣ್ಣ ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕುವ ಕೊಲೆಗಾರ. ಅವನ ಸ್ಟ್ಯಾಂಡಿನ ಹೆಸರು ಕಿಲ್ಲರ್ ಕ್ವೀನ್. ಅದು ಮುಟ್ಟಿದ್ದೆಲ್ಲ ಬಾಂಬ್ ಆಗುತ್ತದೆ. ಕ್ವೀನ್‌ನ ಹಾಡು ಕೇಳಿದವರಿಗೆ ನೆನಪಿರಬಹುದು, ಅದರ ಪಲ್ಲವಿಯಲ್ಲಿ ಕೋವಿಮದ್ದು, ಡೈನಮೈಟ್ ಎಲ್ಲ ಬರುತ್ತವೆ. ಅವನ ಎರಡನೇ ಅಸ್ತ್ರ ಬೆನ್ನಟ್ಟಿ ಬರುವ ಪುಟ್ಟ ಟ್ಯಾಂಕ್, ಹೆಸರು 'ಶಿಯರ್ ಹಾರ್ಟ್ ಅಟ್ಯಾಕ್'. ಆ ಹಾಡು ಇದ್ದ 1974ರ ಆಲ್ಬಮ್ಮಿನ ಹೆಸರೂ ಅದೇ. ಮೂರನೇ ಅಸ್ತ್ರಕ್ಕೆ ಕ್ವೀನ್‌ನದೇ 1980ರ ಹಾಡಿನ ಹೆಸರು. ಹಾಡು ಗೊತ್ತಿಲ್ಲದಿದ್ದರೂ ಕಥೆ ಅರ್ಥವಾಗುತ್ತದೆ. ಗೊತ್ತಿದ್ದವನಿಗೆ ಕಥೆಯ ಕೆಳಗೆ ಇನ್ನೊಂದು ಕಥೆ ಕೇಳಿಸುತ್ತದೆ.

ಅರಾಕಿ ಒಬ್ಬರೇ ಅಲ್ಲ. ನಾಓಕಿ ಉರಾಸಾವಾ ಅವರ '20ತ್ ಸೆಂಚುರಿ ಬಾಯ್ಸ್' ಮಾಂಗಾದ ಹೆಸರೇ 1973ರ ಟಿ. ರೆಕ್ಸ್ ಹಾಡಿನಿಂದ ಬಂದದ್ದು. 1998ರ 'ಕೌಬಾಯ್ ಬೀಬಾಪ್' ಅನಿಮೆಯ ಕಂತುಗಳ ಶೀರ್ಷಿಕೆಗಳಲ್ಲಿ ಕ್ವೀನ್, ರೋಲಿಂಗ್ ಸ್ಟೋನ್ಸ್ ಹಾಡುಗಳಿವೆ.

ತೊಂದರೆ ಶುರುವಾದದ್ದು ಈ ಕಥೆಗಳು ಕಡಲು ದಾಟಿದಾಗ. ಅಮೆರಿಕದಲ್ಲಿ ಹಾಡಿನ ಶೀರ್ಷಿಕೆಯೊಂದಕ್ಕೇ ಸಾಮಾನ್ಯವಾಗಿ ಕಾಪಿರೈಟ್ ಸಿಗುವುದಿಲ್ಲ. ಆದರೆ ಬ್ಯಾಂಡಿನ ಹೆಸರು ಟ್ರೇಡ್‌ಮಾರ್ಕ್ ಆಗಿರಬಹುದು. ಆ ಹೆಸರಿನ ಪಾತ್ರ, ಗೇಮು, ಗೊಂಬೆ ಮಾರಲು ಹೊರಟರೆ ಕೇಸು ಬೀಳುವ ಭಯ. ಹಾಗಾಗಿ ಕಂಪನಿಗಳು ಮೊದಲೇ ಹೆಸರು ಬದಲಾಯಿಸಿದವು. ಜೋಜೋದ ಸ್ಟ್ಯಾಂಡುಗಳಲ್ಲಿ ಏರೋಸ್ಮಿತ್ ಹೋಗಿ 'ಲಿಲ್ ಬಾಂಬರ್' ಆಯಿತು. ಸ್ಟಿಕಿ ಫಿಂಗರ್ಸ್ 'ಜಿಪ್ಪರ್ ಮ್ಯಾನ್' ಆಯಿತು. ಮೆಟಾಲಿಕಾದ ಕೊನೆಯ ಅಕ್ಷರ ಕಿತ್ತು 'ಮೆಟಾಲಿಕ್' ಮಾಡಿದರು. ಓಯಿಂಗೋ, ಬೋಯಿಂಗೋ ಎಂಬ ಅಣ್ಣತಮ್ಮಂದಿರ ಹೆಸರು ಅಮೆರಿಕದ ಒಂದು ಬ್ಯಾಂಡಿನದು. ಅದನ್ನು ತೆಗೆದು 'ಜೆನ್ಯಾಟಾ', 'ಮೊಂಡಾಟಾ' ಎಂದಿಟ್ಟರು. ಅದು 'ದ ಪೊಲೀಸ್' ಬ್ಯಾಂಡಿನ 1980ರ ಆಲ್ಬಮ್ಮಿನ ಹೆಸರು! ಆ ಅನುವಾದಕರಿಗೆ ಆಟದ ನಿಯಮ ಚೆನ್ನಾಗಿಯೇ ಗೊತ್ತಿತ್ತು ಅಂತ ನನಗನಿಸುತ್ತದೆ.

ಹೆಸರಿನ ಕಥೆ ಇದಾದರೆ ಹಾಡಿನದು ಇನ್ನೂ ಕಷ್ಟ, ಅದಕ್ಕೆ ದುಡ್ಡು ಕೊಟ್ಟು ಹಕ್ಕು ಪಡೆಯಬೇಕು. 'ಇವಾಂಗೆಲಿಯನ್' ಅನಿಮೆ ಸರಣಿಯ ಪ್ರತಿ ಕಂತಿನ ಕೊನೆಗೂ 'ಫ್ಲೈ ಮಿ ಟು ದ ಮೂನ್' ಇತ್ತು. 2019ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದಾಗ ಜಪಾನಿನ ಹೊರಗಿನವರಿಗೆ ಆ ಹಾಡೇ ಇರಲಿಲ್ಲ. 2012ರ ಜೋಜೋ ಅನಿಮೆಗೆ ಮಾತ್ರ ಅದೃಷ್ಟವಿತ್ತು. ಯೆಸ್ ಬ್ಯಾಂಡಿನ 1971ರ 'ರೌಂಡಬೌಟ್' ಅಲ್ಲಿ ಹಾಗೇ ಉಳಿಯಿತು. ದೃಶ್ಯ ಇನ್ನೂ ನಡೆಯುತ್ತಿರುವಾಗಲೇ ಗಿಟಾರ್ ಮೆಲ್ಲಗೆ ಶುರುವಾಗುತ್ತದೆ. ಚಿತ್ರ ನಿಲ್ಲುತ್ತದೆ, ಮೂಲೆಯಲ್ಲಿ ಎಡಕ್ಕೆ ತಿರುಗಿದ ಬಾಣ. ಆ ಬಾಣದ ಮೀಮ್ ನೋಡಿಯೇ ಎಷ್ಟೋ ಹುಡುಗರು ಮೊದಲ ಬಾರಿ ಯೆಸ್ ಹಾಡು ಕೇಳಿದರು.

ಹೆಸರು ಬದಲಾದರೆ ಏನು ಮಹಾ ಅನ್ನುವವರಿಗೆ ನಾನು ತೋರಿಸುವುದು ಆರನೇ ಭಾಗ. ನಾಯಕಿ ಜೋಲಿನ್ ಫ್ಲಾರಿಡಾದ ಜೈಲಿನಲ್ಲಿದ್ದಾಳೆ. ಆ ಜೈಲು ಅವಳಿಗೆ ಕಲ್ಲಿನ ಸಮುದ್ರ. ಈ ಸಮುದ್ರದಿಂದ ಬಿಡಿಸಿಕೊಳ್ಳುತ್ತೇನೆ ಎಂದು ಹಟ ತೊಟ್ಟು ತನ್ನ ಸ್ಟ್ಯಾಂಡಿಗೆ 'ಸ್ಟೋನ್ ಫ್ರೀ' ಎಂದು ಹೆಸರಿಡುತ್ತಾಳೆ. ಜಿಮಿ ಹೆಂಡ್ರಿಕ್ಸ್ 1966ರಲ್ಲಿ ಹಾಡಿದ್ದು ಅದು, ಯಾರೂ ಕಟ್ಟಿಹಾಕಲಾಗದವನ ಹಾಡು. 2021ರಲ್ಲಿ ಈ ಭಾಗ ಅನಿಮೆಯಾಗಿ ಬಂತು. ಅವಳು ಬಾಯಿತುಂಬ 'ಸ್ಟೋನ್ ಫ್ರೀ' ಅನ್ನುತ್ತಾಳೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ 'ಸ್ಟೋನ್ ಓಶನ್' ಅಂತಿದೆ. ಅಂದರೆ, ಅವಳು ದಾಟಬೇಕಿದ್ದ ಅದೇ ಕಲ್ಲಿನ ಸಮುದ್ರ.