ಗುಳಿಗೆಗೆ ರೂಢಿಯಾಗುವುದು ನಿಮ್ಮ ಮೈಯಲ್ಲ

ಪ್ರಶ್ನೆ: ಆಂಟಿಬಯೋಟಿಕ್ ರೋಗಾಣುವಿನ ಡಿಎನ್‌ಎ ಹಾಳು ಮಾಡುತ್ತದೆ ಅಂತೀರಿ. ಹಾಗಾದರೆ ನಮ್ಮ ಡಿಎನ್‌ಎ ಕೆಡುವುದಿಲ್ವಾ? ಪದೇ ಪದೇ ತಗೊಂಡರೆ ಮೈಗೆ ರೂಢಿಯಾಗಿ ಗುಳಿಗೆ ಕೆಲಸ ಮಾಡೋದಿಲ್ಲ ಅಂತಾರಲ್ಲ, ನಿಜಾನಾ?
– ಗದಗಿನ ಓದುಗರು

ಮೊದಲ ಪ್ರಶ್ನೆ ತುಂಬಾ ಚೆನ್ನಾಗಿದೆ. ಎರಡನೆಯದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬಂದೇ ಬರುತ್ತದೆ.

ಸಿಪ್ರೋಫ್ಲಾಕ್ಸಸಿನ್ (ಸಿಪ್ರೋ) ಎಂಬ ಆಂಟಿಬಯೋಟಿಕ್ ಎಲ್ಲರಿಗೂ ಗೊತ್ತು. ಅದು ಹೇಗೆ ಕೊಲ್ಲುತ್ತದೆ ನೋಡೋಣ. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಅದರೊಳಗಿನ ಡಿಎನ್‌ಎ ಬಿಡಿಸಿ ಹಿಡಿದರೆ ಒಂದೂವರೆ ಮಿಲಿಮೀಟರಿಗೂ ಜಾಸ್ತಿ! ನಕಲು ಮಾಡಲು ಎಳೆ ಬಿಡಿಸುತ್ತಾ ಹೋದಂತೆ, ಮುಂದಿನ ಭಾಗ ಬೆಟಗೇರಿ ನೇಕಾರರ ಮನೆಯಲ್ಲಿ ಹುರಿ ಹೆಚ್ಚಾದ ನೂಲಿನ ಹಾಗೆ ಸುತ್ತಿಕೊಳ್ಳುತ್ತದೆ. ಆ ಹುರಿ ಸಡಿಲಿಸುವ ಕಿಣ್ವ ಗೈರೇಸ್. ಅದು ಎರಡೂ ಎಳೆ ಕತ್ತರಿಸಿ, ಸಂದಿಯಲ್ಲಿ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಸಿಪ್ರೋ ಬಂದು ಕೂರುವುದು ಕತ್ತರಿಸಿದ ಮೇಲೆ, ಬೆಸೆಯುವ ಮುಂಚೆ. ಡಿಎನ್‌ಎ ತುಂಡಾಗಿಯೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ. ಇಂಥ ಕಿಣ್ವ ನಮ್ಮಲ್ಲೂ ಇದೆ, ಆದರೆ ರಚನೆ ಬೇರೆ. ಡಾಕ್ಟರು ಕೊಡುವ ಪ್ರಮಾಣದಲ್ಲಿ ಸಿಪ್ರೋ ಅದಕ್ಕೆ ಅಂಟುವುದು ತೀರಾ ಕಡಿಮೆ.

ಕೊಲಿಸ್ಟಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನ ದಾರಿ ಬೇರೆ. ಅದು ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಗೆ ಅಂಟಿ ಪೊರೆಯನ್ನೇ ಕೆಡಿಸುತ್ತದೆ. ಒಳಗಿನದೆಲ್ಲ ಸೋರಿಹೋಗುತ್ತದೆ. ನಮ್ಮ ಕಿಡ್ನಿಗೂ ಪೆಟ್ಟು ಕೊಡಬಲ್ಲದು. ಅದಕ್ಕೇ ಬೇರೆ ಔಷಧಗಳು ಸೋತಾಗ ದವಾಖಾನೆಯಲ್ಲಿ ನಿಗಾ ಇಟ್ಟು ಕೊಡುತ್ತಾರೆ.

ಈಗ ಆ ರೂಢಿಯ ಮಾತು. ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ, ಮೆಡಿಕಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು: "ಇದು ನನ್ನ ಮೈಗೆ ರೂಢಿ ಆಗೇತ್ರೀ, ಸ್ಟ್ರಾಂಗ್ ಇದ್ದದ್ದು ಕೊಡ್ರಿ." ಇಲ್ಲ, ನಿಮ್ಮ ಮೈಗೆ ಏನೂ ರೂಢಿಯಾಗಿಲ್ಲ. ಬದಲಾಗಿರುವುದು ಬ್ಯಾಕ್ಟೀರಿಯಾ. ಮೈಗೆ ರೂಢಿಯಾಗುವುದೇ ನಿಜವಾಗಿದ್ದರೆ, ಹುಟ್ಟಿದಾಗಿನಿಂದ ಒಂದೂ ಸಿಪ್ರೋ ನುಂಗದ ಮಗುವಿಗೆ ಟೈಫಾಯ್ಡ್ ಬಂದಾಗ ಸಿಪ್ರೋ ಕೆಲಸ ಮಾಡಲೇಬೇಕಿತ್ತು. ಆದರೆ ಇಂದು ಭಾರತದಲ್ಲಿ ಬಹಳಷ್ಟು ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಪ್ರೋಗೆ ಬಗ್ಗುವುದಿಲ್ಲ. ಆ ಮಗುವಿನ ಹೊಟ್ಟೆಗೆ ಕೆಟ್ಟ ನೀರಿನ ಜೊತೆ ಬಂದದ್ದೇ ಬದಲಾದ ಬ್ಯಾಕ್ಟೀರಿಯಾ.

ಹೇಗೆ ಬದಲಾಗುತ್ತದೆ? ಗೈರೇಸ್ ತಯಾರಿಸುವ ಸೂಚನೆ ಇರುವ ಡಿಎನ್‌ಎ ಭಾಗದಲ್ಲಿ, ಅಂದರೆ ಗೈರೇಸ್ ಜೀನಿನಲ್ಲಿ, ಒಂದೇ ಒಂದು ಅಕ್ಷರ ಆಕಸ್ಮಿಕವಾಗಿ ತಪ್ಪಿದರೂ ಸಾಕು, ಸಿಪ್ರೋ ಮೊದಲಿನಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಗುಳಿಗೆ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹೀಗೆ ಬದಲಾದದ್ದು ಉಳಿದು ಮರಿ ಹಾಕುತ್ತದೆ. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಔಷಧ ತಡೆದುಕೊಳ್ಳುವ ಕೆಲವು ಜೀನುಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಕೂತು, ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೂ ದಾಟುತ್ತವೆ.

ಹಾಗಾಗಿ "ನಾನು ಗುಳಿಗೆ ಜಾಸ್ತಿ ನುಂಗಿಲ್ಲ, ನನಗೇನೂ ಆಗಲ್ಲ" ಅನ್ನುವುದೂ ತಪ್ಪೇ. ಪಕ್ಕದ ಮನೆಯವರು ನೆಗಡಿಗೆ ಸುಮ್ನೆ ನುಂಗಿದ ಸಿಪ್ರೋದ ಫಲ ನಿಮ್ಮ ಮನೆಗೂ ಬರಬಹುದು. ನೆಗಡಿ ತರುವ ವೈರಸ್ಸಿನಲ್ಲಿ ಗೈರೇಸೇ ಇಲ್ಲ. ಅಲ್ಲಿ ಸಿಪ್ರೋಗೆ ಏನು ಕೆಲಸ?

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಲೇಬೇಕು. ಗುಳಿಗೆ ಹೀಟು ಅಂತ ನಮ್ಮ ಕಡೆ ಅನೇಕರು ಹಾಲಿನ ಜೊತೆ ನುಂಗುತ್ತಾರೆ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಸಿಪ್ರೋವನ್ನು ಹಿಡಿದುಕೊಳ್ಳುತ್ತದೆ. ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಬರೀ ಹಾಲು, ಮೊಸರಿನ ಜೊತೆ ಬೇಡ, ನೀರು ಕುಡಿಯಿರಿ. ಕ್ಯಾಲ್ಸಿಯಂ ಗುಳಿಗೆ ಅಥವಾ ಆಂಟಾಸಿಡ್ ತಗೊಳ್ಳುವವರು ಅದಕ್ಕೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ಸಿಪ್ರೋ ನುಂಗಬೇಕು. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಹಾಲಿನಿಂದ ಈ ತೊಂದರೆ ಇಲ್ಲ.